ತುಮಕೂರಿನ ಹೋಟೆಲ್ ಗಲ್ಲಾದಿಂದ ದುಡ್ಡು ಎಲ್ಲಿಗೆ ಹೋಗುತ್ತದೆ?

ತುಮಕೂರಿನಲ್ಲಿ ಒಂದು ಹಳೆ ಹೋಟೆಲ್ ಬಾಗಿಲು ಹಾಕಿದರೆ ಜನ ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ಮೊದಲಿನ ರುಚಿ ಇರಲಿಲ್ಲ ಬಿಡಿ." ಇಲ್ಲದಿದ್ದರೆ, "ಮಕ್ಕಳು ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದರು, ಇನ್ಯಾರು ನಡೆಸ್ತಾರೆ." ಎರಡೂ ಕೆಲವು ಕಡೆ ನಿಜ. ಆದರೆ ಬೆಳಿಗ್ಗೆ ಎಂಟು ಗಂಟೆಗೆ ಹೋದರೆ ಕೂರಲು ಜಾಗ ಸಿಗದಂಥ ಹೋಟೆಲ್‌ಗಳೂ ಮುಚ್ಚುತ್ತವಲ್ಲ, ಅದಕ್ಕೆ ಏನು ಹೇಳೋಣ? ಗಿರಾಕಿಗಳಿದ್ದರು, ರುಚಿ ಇತ್ತು, ಗಲ್ಲಾಪೆಟ್ಟಿಗೆಗೆ ದುಡ್ಡೂ ಬೀಳುತ್ತಿತ್ತು. ಬಿದ್ದ ದುಡ್ಡು ತಿಂಗಳ ಕೊನೆಗೆ ಮಾಲೀಕರ ಕೈಯಲ್ಲಿ ಉಳಿಯುತ್ತಿರಲಿಲ್ಲ.

ನಮ್ಮೂರ ಅಂಗಡಿ, ನಮ್ಮೂರ ಹೋಟೆಲ್ ಉಳಿಸಬೇಕು ಎನ್ನುವ ಮಾತು ಈಗ ಎಲ್ಲ ಕಡೆ ಕೇಳುತ್ತದೆ. ಅದರ ಹಿಂದಿನ ಪ್ರೀತಿ ನನಗೂ ಇದೆ. ಆದರೆ ಪ್ರೀತಿಯಿಂದ ಬಾಡಿಗೆ ಕಟ್ಟಲು ಆಗುವುದಿಲ್ಲ. ತಿನ್ನುವವರಿಗೂ ಮಾಡಿ ಹಾಕುವವರಿಗೂ ನಡುವೆ ಕೂತು ತಮ್ಮ ಪಾಲು ಎತ್ತಿಕೊಳ್ಳುವವರು ಈ ಹತ್ತು ವರ್ಷದಲ್ಲಿ ಜಾಸ್ತಿಯಾಗಿದ್ದಾರೆ. ಕಟ್ಟಡದ ಮಾಲೀಕರು, ಡೆಲಿವರಿ ಆ್ಯಪ್, ಬಡ್ಡಿ ವ್ಯಾಪಾರದವರು, ತೆರಿಗೆ. ನೂರಾರು ಶಾಖೆಗಳಿರುವ ಕಂಪನಿ, ಅಂದರೆ ಚೈನ್, ಇವರೆಲ್ಲರ ಜೊತೆ ಕೂತು ಚೌಕಾಸಿ ಮಾಡುತ್ತದೆ. ಒಂದೇ ಒಲೆ, ಆರು ಟೇಬಲ್ ಇಟ್ಟುಕೊಂಡು ಗಂಡ ಹೆಂಡತಿ ನಡೆಸುವ ಹೋಟೆಲ್ ಹೇಳಿದ ರೇಟಿಗೆ ತಲೆ ಆಡಿಸಬೇಕು. ನನ್ನ ಪ್ರಕಾರ ಇಡೀ ಸಮಸ್ಯೆ ಇರುವುದು ಇಲ್ಲಿ. ಹಾಗಾಗಿ ಬೆಂಬಲ ಕೊಡಬೇಕಿರುವುದೂ ಇಲ್ಲಿಯೇ.

ಮೊದಲು ಊರಿನೊಳಗೆ ಉಳಿಯುವ ದುಡ್ಡಿನ ಕಥೆ ನೋಡೋಣ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಎಲ್ಲರಿಗೂ ಗೊತ್ತು. ಸಿದ್ಧಗಂಗಾ ಮಠಕ್ಕೆ ಬರುವವರು, ಬೆಂಗಳೂರು ಕಡೆಯಿಂದ ಚಿತ್ರದುರ್ಗ, ದಾವಣಗೆರೆ ಕಡೆಗೆ ಹೋಗುವವರು ಗಾಡಿ ನಿಲ್ಲಿಸಿ ತಿಂದು ಹೋಗುತ್ತಾರೆ. ಒಂದು ತಟ್ಟೆ ಇಡ್ಲಿಯ ಹಿಂದೆ ಎಷ್ಟು ಜನ ಇದ್ದಾರೆ ನೋಡಿ. ಚಟ್ನಿಗೆ ಬೇಕಾದ ಕಾಯಿ ಇದೇ ಜಿಲ್ಲೆಯದು, ತುಮಕೂರನ್ನು ಕಲ್ಪತರು ನಾಡು ಎಂದು ಕರೆಯುವುದು ಸುಮ್ನೆ ಅಲ್ಲ. ತಿಪಟೂರಿನ ಕೊಬ್ಬರಿ ಮಾರುಕಟ್ಟೆ ದೇಶಕ್ಕೇ ಗೊತ್ತಿರುವಂಥದ್ದು. ಹುಣಸೆಹಣ್ಣು ಇಲ್ಲಿನ ಮಾರುಕಟ್ಟೆಗೇ ಬರುತ್ತದೆ. ಕಡಲೆಕಾಯಿ ಪಾವಗಡ ಕಡೆಯಿಂದ. ಅಕ್ಕಿ, ಬೇಳೆ ಮಂಡಿಪೇಟೆಯ ಹೋಲ್‌ಸೇಲ್ ಅಂಗಡಿಯಿಂದ. ತರಕಾರಿ ಅಂತರಸನಹಳ್ಳಿ ಮಾರುಕಟ್ಟೆಯಿಂದ. ಹಾಲು ಪಕ್ಕದ ಹಳ್ಳಿಯ ಡೇರಿಯಿಂದ ಒಕ್ಕೂಟಕ್ಕೆ ಹೋಗಿ ಪ್ಯಾಕೆಟ್ ಆಗಿ ವಾಪಸ್ ಬರುತ್ತದೆ. ರುಬ್ಬುವ ಗ್ರೈಂಡರ್ ಕೆಟ್ಟರೆ ಇದೇ ಊರಿನ ಮೆಕ್ಯಾನಿಕ್, ಬೋರ್ಡು ಬರೆಯಲು ಇದೇ ಊರಿನ ಪೇಂಟರ್, ಲೆಕ್ಕ ನೋಡಲು ಇದೇ ಊರಿನ ಟ್ಯಾಕ್ಸ್ ಕನ್ಸಲ್ಟೆಂಟ್. ಉಳಿದ ಲಾಭದಲ್ಲಿ ಮಾಲೀಕರ ಮಗಳ ಕಾಲೇಜು ಫೀಸು, ಮನೆ ಕಟ್ಟಿದರೆ ಇಲ್ಲಿನ ಗಾರೆ ಕೆಲಸದವರಿಗೆ ಕೂಲಿ.

ಚೈನ್‌ನಲ್ಲಿ ಈ ಸಂಬಂಧಗಳು ಕಡಿಮೆ. ಅದು ಅವರ ಕೆಟ್ಟತನ ಅಂತ ನಾನು ಹೇಳುತ್ತಿಲ್ಲ, ಅವರ ವ್ಯಾಪಾರ ನಡೆಯುವ ರೀತಿಯೇ ಹಾಗೆ. ಎಲ್ಲ ಊರಲ್ಲೂ ಒಂದೇ ರುಚಿ ಬರಬೇಕೆಂದರೆ ಸಾಮಾನು ಒಂದೇ ಕಡೆಯಿಂದ ಬರಬೇಕು. ಹಿಟ್ಟು, ಸಾಸ್, ಅರ್ಧ ಬೆಂದ ತಿಂಡಿ ಎಲ್ಲ ಒಂದು ದೊಡ್ಡ ಅಡುಗೆಮನೆಯಲ್ಲಿ ತಯಾರಾಗಿ ಲಾರಿಯಲ್ಲಿ ಬರುತ್ತದೆ. ಲೆಕ್ಕಪತ್ರ, ಜಾಹೀರಾತು, ಖರೀದಿ ಎಲ್ಲ ಮುಖ್ಯ ಕಚೇರಿಯಲ್ಲಿ. ಭಾರತದಲ್ಲಿ ಡೊಮಿನೋಸ್ ನಡೆಸುವುದು ಜುಬಿಲಂಟ್ ಫುಡ್‌ವರ್ಕ್ಸ್, ಅದರ ಕಚೇರಿ ಇರುವುದು ದೆಹಲಿ ಪಕ್ಕದ ನೋಯ್ಡಾದಲ್ಲಿ. ದಕ್ಷಿಣ ಮತ್ತು ಪಶ್ಚಿಮ ಭಾರತದ ಮೆಕ್‌ಡೊನಾಲ್ಡ್ಸ್ ನಡೆಸುವ ವೆಸ್ಟ್‌ಲೈಫ್ ಕಂಪನಿ ಮುಂಬೈಯದು. ಇವರಿಬ್ಬರೂ ಬ್ರ್ಯಾಂಡ್ ಹೆಸರಿಗಾಗಿ ಅಮೆರಿಕದ ಮೂಲ ಕಂಪನಿಗೆ ರಾಯಲ್ಟಿ ಕಟ್ಟುತ್ತಾರೆ. ರಾಯಲ್ಟಿ ಲೆಕ್ಕ ಹಾಕುವುದು ಲಾಭದ ಮೇಲಲ್ಲ, ಮಾರಾಟದ ಮೇಲೆ. ಅಂದರೆ ಯಾವುದೋ ಊರಿನ ಒಂದು ಶಾಖೆಗೆ ಆ ತಿಂಗಳು ನಷ್ಟವಾದರೂ ಆ ಪಾಲು ಹೊರಗೆ ಹೋಗಲೇಬೇಕು. ಊರಲ್ಲಿ ಉಳಿಯುವುದು ಹುಡುಗರ ಸಂಬಳ, ಕಟ್ಟಡದ ಬಾಡಿಗೆ.

ಎಷ್ಟು ವ್ಯತ್ಯಾಸ ಆಗುತ್ತದೆ ಎಂಬುದನ್ನು ಅಮೆರಿಕದಲ್ಲಿ ಅಳೆದು ನೋಡಿದ್ದಾರೆ. ಸಿವಿಕ್ ಎಕನಾಮಿಕ್ಸ್ ಎಂಬ ಸಂಸ್ಥೆ 2002ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ ಒಂದು ಅಧ್ಯಯನ ಮಾಡಿತು. ಸ್ಥಳೀಯ ಪುಸ್ತಕದ ಅಂಗಡಿ ಮತ್ತು ಸಂಗೀತದ ಅಂಗಡಿಯಲ್ಲಿ 100 ಡಾಲರ್ ಖರ್ಚು ಮಾಡಿದರೆ ಸುಮಾರು 45 ಡಾಲರ್ ಊರಲ್ಲೇ ತಿರುಗುತ್ತದೆ, ದೊಡ್ಡ ಚೈನ್ ಪುಸ್ತಕದ ಅಂಗಡಿಯಲ್ಲಾದರೆ 13 ಡಾಲರ್ ಮಾತ್ರ ಎಂದು ಅದು ಹೇಳಿತು. 2004ರಲ್ಲಿ ಶಿಕಾಗೋದ ಆಂಡರ್ಸನ್‌ವಿಲ್ ಎಂಬ ಬಡಾವಣೆಯಲ್ಲಿ ಮಾಡಿದ ಲೆಕ್ಕದಲ್ಲಿ ಇದು 68 ಮತ್ತು 43 ಡಾಲರ್. ಈ ಅಂಕಿಗಳನ್ನು ಹಾಗೇ ಎತ್ತಿ ತುಮಕೂರಿಗೆ ಹಾಕುವುದು ತಪ್ಪು. ಅಲ್ಲಿನ ಬಾಡಿಗೆ, ಕೂಲಿ, ಸರಬರಾಜು ಎಲ್ಲ ಬೇರೆ. ಎರಡು ಕಡೆಯ ಅಂಕಿಗಳೂ ಒಂದಕ್ಕೊಂದು ದೂರ ಇರುವುದನ್ನು ನೋಡಿದರೆ ಊರಿಂದ ಊರಿಗೆ ಎಷ್ಟು ಬದಲಾಗುತ್ತದೆ ಎಂಬುದೂ ತಿಳಿಯುತ್ತದೆ. ಆದರೆ ವ್ಯತ್ಯಾಸ ಯಾವ ಕಡೆಗೆ ವಾಲುತ್ತದೆ ಎಂಬುದರಲ್ಲಿ ಅನುಮಾನ ಇಲ್ಲ. ಕಾಯಿ, ಹುಣಸೆ, ಹಾಲು, ರಾಗಿ ಎಲ್ಲ ಜಿಲ್ಲೆಯಲ್ಲೇ ಸಿಗುವ ನಮ್ಮಂಥ ಕಡೆ ಅದು ಇನ್ನೂ ಜಾಸ್ತಿ ಇರುತ್ತದೆ ಎಂದು ನಾನು ನಂಬುತ್ತೇನೆ.

ಇಷ್ಟು ಒಳ್ಳೆಯದು ಮಾಡುವ ಹೋಟೆಲ್ ಹಾಗಾದರೆ ಯಾಕೆ ಸೋಲುತ್ತದೆ?

ಬಾಡಿಗೆಯಿಂದ ಶುರು ಮಾಡೋಣ. ಬಿ.ಎಚ್. ರಸ್ತೆ, ಎಂ.ಜಿ. ರಸ್ತೆ, ಎಸ್.ಎಸ್. ಪುರಂ, ಎಸ್‌ಐಟಿ ಕಾಲೇಜಿನ ಸುತ್ತಮುತ್ತ ಒಂದು ಮಳಿಗೆ ಹಿಡಿಯಬೇಕೆಂದರೆ ಮೊದಲು ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೇಳುವುದು ಮಾಮೂಲು. ಕರಾರು ಸಾಮಾನ್ಯವಾಗಿ 11 ತಿಂಗಳಿಗೆ. ಒಂದು ವರ್ಷ ದಾಟುವ ಕರಾರಾದರೆ ನೋಂದಣಿ ಮಾಡಿಸಬೇಕು, ಅದರ ಖರ್ಚು ತಪ್ಪಿಸಲು ಎಲ್ಲರೂ 11 ತಿಂಗಳಿಗೇ ನಿಲ್ಲಿಸುತ್ತಾರೆ. ಈಗ ಯೋಚನೆ ಮಾಡಿ. ಒಲೆ, ಚಿಮಣಿ, ಟೈಲ್ಸ್, ಫ್ರಿಜ್, ಟೇಬಲ್ ಎಂದು ಹಲವು ಲಕ್ಷ ಹಾಕಿದವರ ಕೈಯಲ್ಲಿ ಇರುವುದು 11 ತಿಂಗಳ ಒಂದು ಕಾಗದ. ವ್ಯಾಪಾರ ಚೆನ್ನಾಗಿ ಕುದುರಿದ ಕೂಡಲೇ ಅದು ಕಟ್ಟಡದವರಿಗೂ ಕಾಣುತ್ತದೆ. ಬಾಡಿಗೆ ಏರುತ್ತದೆ. ಕೊಡದಿದ್ದರೆ ಜಾಗ ಬಿಡಿ ಎನ್ನುತ್ತಾರೆ. ಬಿಟ್ಟರೆ ಹಾಕಿದ ಟೈಲ್ಸ್ ಕಿತ್ತುಕೊಂಡು ಹೋಗಲು ಆಗುತ್ತದಾ? ಕರ್ನಾಟಕದ 1999ರ ಬಾಡಿಗೆ ಕಾಯ್ದೆ ಇವರ ನೆರವಿಗೆ ಬರುವುದಿಲ್ಲ. ವ್ಯಾಪಾರದ ಜಾಗಗಳ ವಿಷಯದಲ್ಲಿ ಅದು 14 ಚದರ ಮೀಟರ್ ಮೀರದ ಸಣ್ಣ ಮಳಿಗೆಗೆ ಮಾತ್ರ ಸೀಮಿತ. ಒಂದು ಅಡುಗೆಮನೆ ಮತ್ತು ನಾಲ್ಕು ಟೇಬಲ್ ಹಾಕಿದರೆ ಅಷ್ಟು ಜಾಗ ಮುಗಿದೇ ಹೋಗುತ್ತದೆ.

ದೊಡ್ಡ ಬ್ರ್ಯಾಂಡ್ ಬಂದರೆ ಇದೇ ಮಾತುಕತೆ ಪೂರ್ತಿ ತಿರುಗುಮುರುಗಾಗುತ್ತದೆ. ಅವರು 9 ವರ್ಷ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಅವಧಿಗೆ ನೋಂದಾಯಿತ ಕರಾರು ಕೇಳುತ್ತಾರೆ. ಬಾಡಿಗೆ ಎಷ್ಟು ವರ್ಷಕ್ಕೊಮ್ಮೆ ಎಷ್ಟು ಏರಬೇಕು ಎಂಬುದು ಮೊದಲೇ ಬರೆದಿರುತ್ತದೆ. ಕಟ್ಟಡದವರಿಗೂ ಖುಷಿ, ಕಂಪನಿ ಬಾಡಿಗೆ ತಪ್ಪಿಸುವುದಿಲ್ಲ ಎಂಬ ಧೈರ್ಯ. ಹೀಗಾಗಿ ಒಳ್ಳೆ ಮೂಲೆಯ ಮಳಿಗೆಗಳು ಒಂದೊಂದಾಗಿ ಆ ಕಡೆ ಹೋಗುತ್ತವೆ. ಮೇಲಿಂದ ಬೆಂಗಳೂರಿನ ಮಾದಾವರದಿಂದ ತುಮಕೂರಿಗೆ ಮೆಟ್ರೊ ತರುವ ಮಾತು ಬೇರೆ ನಡೆದಿದೆ. ಮೆಟ್ರೊ ಬಂದರೆ ಊರಿಗೆ ಒಳ್ಳೆಯದೇ, ದಿನಾ ಬೆಂಗಳೂರಿಗೆ ಓಡಾಡುವವರ ಕಷ್ಟ ನನಗೆ ಗೊತ್ತು. ಆದರೆ ಹಳಿ ಬರುವ ಮೊದಲೇ ಜಾಗದ ರೇಟು ಏರುತ್ತದೆ. ಆ ಏರಿಕೆಯ ಮೊದಲ ಪೆಟ್ಟು ಬೀಳುವುದು ಬಾಡಿಗೆ ಮಳಿಗೆಯಲ್ಲಿರುವವರಿಗೆ.

ಎರಡನೆಯದು ಆ್ಯಪ್. ಇದರ ಲೆಕ್ಕ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮನೆಯಲ್ಲಿ ಕೂತು ಆರ್ಡರ್ ಮಾಡುವ ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಒಂದು ಊಟ 100 ರೂಪಾಯಿ ಎಂದಿಟ್ಟುಕೊಳ್ಳಿ. ಅಕ್ಕಿ, ಬೇಳೆ, ಎಣ್ಣೆ, ತರಕಾರಿಗೆ 40. ಭಟ್ಟರು, ಸಪ್ಲೈಯರ್, ಪಾತ್ರೆ ತೊಳೆಯುವವರಿಗೆ 22. ಬಾಡಿಗೆಗೆ 12. ಗ್ಯಾಸ್, ಕರೆಂಟ್, ನೀರಿಗೆ 10. ಉಳಿಯುವುದು 16 ರೂಪಾಯಿ. ಇದು ನಾನು ಅರ್ಥವಾಗಲಿ ಎಂದು ಹಾಕಿದ ಲೆಕ್ಕ, ಹೋಟೆಲಿಂದ ಹೋಟೆಲಿಗೆ ಸ್ವಲ್ಪ ಆಚೀಚೆ ಆಗುತ್ತದೆ. ಈಗ ಅದೇ ಊಟ ಆ್ಯಪ್‌ನಲ್ಲಿ ಹೋಯಿತು. ಕಮಿಷನ್ ಶೇ 25 ಅಂದುಕೊಳ್ಳಿ, 25 ರೂಪಾಯಿ. ಆ ಕಮಿಷನ್ ಮೇಲೆ ಶೇ 18 ಜಿಎಸ್‌ಟಿ. ಒಟ್ಟು 29 ರೂಪಾಯಿ 50 ಪೈಸೆ. ಡಬ್ಬಿ, ಕವರ್ ಖರ್ಚು ಬೇರೆ. ಬಾಡಿಗೆ, ಸಂಬಳ ಹೇಗೂ ಕೊಡಲೇಬೇಕಾದ್ದು, ಹೆಚ್ಚಿಗೆ ಆರ್ಡರ್ ಬಂದರೆ ಒಳ್ಳೆಯದೇ ಅಲ್ವಾ ಎಂದು ಕೇಳಬಹುದು. ಖಾಲಿ ಕೂತ ಹೊತ್ತಿನಲ್ಲಿ ಬಂದ ಆರ್ಡರ್ ಆದರೆ ನಿಜ, ಸ್ವಲ್ಪ ಉಳಿಯುತ್ತದೆ. ಆದರೆ ಮೊದಲು ನಡೆದುಕೊಂಡು ಬರುತ್ತಿದ್ದ ಗಿರಾಕಿಯೇ ಈಗ ಮನೆಯಿಂದ ಆ್ಯಪ್‌ನಲ್ಲಿ ತರಿಸುತ್ತಿದ್ದರೆ? ಆಗ ಅದೇ ಊಟ, ಅದೇ ಗಿರಾಕಿ, 16 ರೂಪಾಯಿ ಲಾಭದ ಜಾಗದಲ್ಲಿ 13 ರೂಪಾಯಿಗಿಂತ ಜಾಸ್ತಿ ನಷ್ಟ. ನಷ್ಟ ತಪ್ಪಿಸಲು ಆ್ಯಪ್‌ನಲ್ಲಿ ರೇಟು ಏರಿಸಿದರೆ, "ಇವರದು ದುಬಾರಿ" ಎಂಬ ಮಾತು.

ಮೇಲೆ ಕಾಣಿಸಿಕೊಳ್ಳಬೇಕೆಂದರೆ ಜಾಹೀರಾತಿಗೆ ದುಡ್ಡು, ಆಫರ್ ಹಾಕಿದರೆ ಅದರ ಹೊರೆಯಲ್ಲಿ ಹೋಟೆಲಿನ ಪಾಲು. ದೊಡ್ಡ ಬ್ರ್ಯಾಂಡ್ ತನ್ನ ಇಡೀ ದೇಶದ ಆರ್ಡರ್ ಮುಂದಿಟ್ಟು ಕಮಿಷನ್ ಇಳಿಸಿಕೊಳ್ಳಬಲ್ಲದು. ಒಂದು ಹೋಟೆಲಿನವರು ಯಾರನ್ನು ಕೇಳಬೇಕು? ದೇಶದ ರೆಸ್ಟೋರೆಂಟ್‌ಗಳ ಸಂಘ ಎನ್‌ಆರ್‌ಎಐ ಕೊಟ್ಟ ದೂರಿನ ಮೇಲೆ ಜೊಮ್ಯಾಟೊ, ಸ್ವಿಗ್ಗಿ ಬಗ್ಗೆ ತನಿಖೆ ಮಾಡಲು ಭಾರತೀಯ ಸ್ಪರ್ಧಾ ಆಯೋಗ 2022ರ ಏಪ್ರಿಲ್‌ನಲ್ಲಿ ಆದೇಶಿಸಿತ್ತು. ಆಯೋಗದ ಮುಂದೆ ಹೋಗುವ ಶಕ್ತಿ ಸಂಘಕ್ಕಿದೆ. ಕ್ಯಾತ್ಸಂದ್ರದ ಒಬ್ಬ ಹೋಟೆಲಿನವರಿಗೆ ಇಲ್ಲ.

ಗ್ಯಾಸ್ ವಿಷಯ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಹೋಟೆಲಿಗೆ ಬೇಕಾದ 19 ಕೆ.ಜಿ. ಸಿಲಿಂಡರ್ ಬೆಲೆ ಸಾಮಾನ್ಯವಾಗಿ ತಿಂಗಳ ಒಂದನೇ ತಾರೀಕು ಬದಲಾಗುತ್ತದೆ. ಅದರ ಮೇಲೆ ಶೇ 18 ಜಿಎಸ್‌ಟಿ, ಮನೆ ಸಿಲಿಂಡರ್‌ಗೆ ಶೇ 5. 2017ರ ನವೆಂಬರ್‌ನಿಂದ ಸಾಮಾನ್ಯ ಹೋಟೆಲ್‌ಗಳಿಗೆ ಶೇ 5 ಜಿಎಸ್‌ಟಿ, ಆದರೆ ತಾವು ಸಾಮಾನು, ಗ್ಯಾಸ್, ಕಮಿಷನ್ ಮೇಲೆ ಕಟ್ಟಿದ ತೆರಿಗೆಯನ್ನು ಇದರಲ್ಲಿ ವಜಾ ಮಾಡಿಕೊಳ್ಳುವ ಹಾಗಿಲ್ಲ. ಈ ನಿಯಮ ಚೈನ್‌ಗಳಿಗೂ ಇದೆ. ಆದರೆ ಸಾಮಾನನ್ನು ಒಟ್ಟಿಗೆ ಕೊಂಡು ರೇಟು ಇಳಿಸಿಕೊಳ್ಳುವವರಿಗೆ ಅದರ ನೋವು ಕಡಿಮೆ. ಅರ್ಧ ಮೂಟೆ ಬೇಳೆಯನ್ನು ವಾರದ ಸಾಲಕ್ಕೆ ತರುವವರಿಗೆ ಜಾಸ್ತಿ.

ಇನ್ನು ತೆರಿಗೆ. 2025ರ ಜುಲೈನಲ್ಲಿ ಆದದ್ದು ಎಲ್ಲರಿಗೂ ನೆನಪಿದೆ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ತೆಗೆದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿ, ತರಕಾರಿ ಅಂಗಡಿಯವರೂ ಅದರಲ್ಲಿ ಇದ್ದರು. ಕೆಲವರಿಗೆ ಲಕ್ಷಗಳ ಲೆಕ್ಕ. ಅಂಗಡಿಗಳ ಮುಂದೆ ಇದ್ದಕ್ಕಿದ್ದಂತೆ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಬೋರ್ಡುಗಳು ಬಂದವು. ಬಂದ್ ಮಾತು ಬಂತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ಮಾಡಿ, ಜಿಎಸ್‌ಟಿ ನೋಂದಣಿ ಮಾಡಿಸಿಕೊಂಡರೆ ಹಳೆ ಬಾಕಿಗೆ ಒತ್ತಾಯ ಇಲ್ಲ ಎಂದು ಭರವಸೆ ಕೊಟ್ಟ ಮೇಲೆ ಗಲಾಟೆ ತಣ್ಣಗಾಯಿತು.

ಆ ಗಲಾಟೆಯಲ್ಲಿ ಎರಡು ಕಡೆಯೂ ಒಂದೊಂದು ಸತ್ಯ ಇತ್ತು. ನಿಯಮ ಹೊಸದೇನಲ್ಲ. ಬರೀ ಸರಕು ಮಾರುವವರ ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಬೇಕು, ಸೇವೆ ಕೊಡುವವರಿಗೆ ಈ ಮಿತಿ 20 ಲಕ್ಷ. ಹೋಟೆಲ್ ಊಟ ತಿಂಡಿ ಸೇವೆಯ ಲೆಕ್ಕಕ್ಕೆ ಬರುತ್ತದೆ. ಹಾಲು, ತಾಜಾ ತರಕಾರಿಯಂಥ ತೆರಿಗೆ ಇಲ್ಲದ ಸಾಮಾನು ಮಾತ್ರ ಮಾರುವವರಿಗೆ ನೋಂದಣಿಯೇ ಬೇಡ. ಆದರೆ 20 ಲಕ್ಷ ಎಂದರೆ ಎಷ್ಟು? ದಿನಕ್ಕೆ 5,500 ರೂಪಾಯಿ ವ್ಯಾಪಾರ ಆದರೆ 365 ದಿನಕ್ಕೆ 20 ಲಕ್ಷ ದಾಟುತ್ತದೆ. ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಚೆನ್ನಾಗಿ ನಡೆಯುವ ಟೀ ಅಂಗಡಿ ಇಷ್ಟು ವ್ಯಾಪಾರ ಮಾಡುತ್ತದೆ. ಇದು ಲಾಭ ಅಲ್ಲ, ವಹಿವಾಟು. ಹಾಲಿಗೆ, ಸಕ್ಕರೆಗೆ, ಹುಡುಗನ ಸಂಬಳಕ್ಕೆ ಹೋದ ದುಡ್ಡೂ ಅದರೊಳಗೆ ಇದೆ. ಹಾಗಾಗಿ ಟೀ ಅಂಗಡಿಯವರು ಗಾಬರಿಯಾದದ್ದರಲ್ಲಿ ಆಶ್ಚರ್ಯ ಇಲ್ಲ.

ದಾರಿ ಇಲ್ಲ ಎಂದೂ ಅಲ್ಲ. ವಹಿವಾಟು 1.5 ಕೋಟಿ ರೂಪಾಯಿವರೆಗೆ ಇರುವವರಿಗೆ ಕಾಂಪೋಸಿಷನ್ ಪದ್ಧತಿ ಇದೆ. ವ್ಯಾಪಾರಿಗಳಾದರೆ ಶೇ 1, ಹೋಟೆಲಾದರೆ ಶೇ 5 ಕಟ್ಟಿ ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಟ್ಟರೆ ಆಯಿತು. ಆ ತೆರಿಗೆಯನ್ನು ಗಿರಾಕಿಯಿಂದ ಬೇರೆಯಾಗಿ ಕೇಳುವ ಹಾಗಿಲ್ಲ. ಇದನ್ನು ನೋಟಿಸ್ ಬರುವ ಮೊದಲು, ಅಂಗಡಿ ಅಂಗಡಿಗೆ ಹೋಗಿ ಕನ್ನಡದಲ್ಲಿ ಹೇಳಿಕೊಡಬೇಕಿತ್ತು. ಚೈನ್‌ಗೆ ಲೆಕ್ಕ ನೋಡುವ ಒಂದು ವಿಭಾಗವೇ ಇದೆ. ಇಲ್ಲಿ ಗಲ್ಲಾದಲ್ಲಿ ಕೂತವರೇ ಮಾಲೀಕರು, ಅವರೇ ಲೆಕ್ಕಿಗರು, ಭಟ್ಟರು ರಜೆ ಹಾಕಿದ ದಿನ ಅವರೇ ಭಟ್ಟರು. ಕಾನೂನು ಒಂದೇ ಆದರೂ ಅದನ್ನು ಪಾಲಿಸುವ ಖರ್ಚು ಒಂದೇ ಅಲ್ಲ.

ದಿನಸಿ ಅಂಗಡಿಯ ಕಥೆ ಸ್ವಲ್ಪ ಬೇರೆ. ಅಲ್ಲಿ ರುಚಿಯ ಮಾತಿಲ್ಲ, ಅದೇ ಸೋಪು, ಅದೇ ಬಿಸ್ಕತ್ತು. ಎಂಆರ್‌ಪಿ ಮೇಲೆ ಅಂಗಡಿಯವರಿಗೆ ಸಿಗುವ ಮಾರ್ಜಿನ್ ಸಣ್ಣದು. ಸೂಪರ್ ಮಾರ್ಕೆಟ್ ಕಂಪನಿಯಿಂದ ನೇರವಾಗಿ ಕೊಳ್ಳುತ್ತದೆ, ಅಂಗಡಿಯವರಿಗೆ ಏಜೆನ್ಸಿಯ ಮೂಲಕ ಬರಬೇಕು. ಹೀಗಾಗಿ ಸೂಪರ್ ಮಾರ್ಕೆಟ್ ಗಿರಾಕಿಗೆ ಮಾರುವ ರೇಟು ಕೆಲವೊಮ್ಮೆ ನಮ್ಮ ಅಂಗಡಿಯವರು ಕೊಳ್ಳುವ ರೇಟಿನ ಹತ್ತಿರ ಹತ್ತಿರ ಇರುತ್ತದೆ. ಈಗ ಹತ್ತು ನಿಮಿಷದಲ್ಲಿ ಮನೆಗೆ ತರುವ ಆ್ಯಪ್‌ಗಳೂ ಸೇರಿವೆ. ಇಂಥ ಸಾಮಾನು ಹಂಚುವವರ ಅಖಿಲ ಭಾರತ ಒಕ್ಕೂಟ ಎಐಸಿಪಿಡಿಎಫ್, ಒಂದು ವರ್ಷದಲ್ಲಿ ದೇಶದಲ್ಲಿ ಸುಮಾರು 2 ಲಕ್ಷ ಕಿರಾಣಿ ಅಂಗಡಿಗಳು ಮುಚ್ಚಿವೆ ಎಂದು 2024ರಲ್ಲಿ ಹೇಳಿತ್ತು. ಇದು ಒಕ್ಕೂಟದ ಅಂದಾಜು, ಸರ್ಕಾರದ ಗಣತಿ ಅಲ್ಲ. ಮುಚ್ಚಿದವುಗಳಲ್ಲಿ ಜಾಸ್ತಿ ಮಹಾನಗರಗಳಲ್ಲೇ ಎಂದೂ ಅದು ಹೇಳಿತ್ತು. ತುಮಕೂರಿನಂಥ ಊರಿಗೆ ಯೋಚನೆ ಮಾಡಲು ಇನ್ನೂ ಸ್ವಲ್ಪ ಸಮಯ ಇದೆ ಎಂದು ನಾನು ಇದನ್ನು ಓದಿಕೊಂಡೆ.

ದಿನಸಿ ಅಂಗಡಿ ಕೊಡುವ ಒಂದು ವಸ್ತು ಯಾವ ಆ್ಯಪ್‌ನಲ್ಲೂ ಹಾಗೆ ಸಿಗುವುದಿಲ್ಲ. ಉದ್ದರಿ. "ಅಣ್ಣಾ, ಬರೆದುಕೊಳ್ಳಿ, ಸಂಬಳ ಬಂದ ಮೇಲೆ ಕೊಡ್ತೀನಿ" ಎಂದರೆ ಸಾಕು, ಬಡ್ಡಿ ಇಲ್ಲ, ಆಧಾರ್ ಕೇಳುವುದಿಲ್ಲ, ಓಟಿಪಿ ಬರುವುದಿಲ್ಲ. ಗಾರ್ಮೆಂಟ್ ಕೆಲಸಕ್ಕೆ ಹೋಗುವ ಮನೆಗಳು, ಆಟೊ ಓಡಿಸುವವರು, ಬಾಡಿಗೆ ರೂಮಿನಲ್ಲಿರುವ ಕಾಲೇಜು ಹುಡುಗರು ತಿಂಗಳ ಕೊನೆಯ ವಾರ ದಾಟುವುದು ಈ ಉದ್ದರಿ ಪುಸ್ತಕದ ಮೇಲೆ. ಅಂಗಡಿಯವರು ಈ ಉದ್ದರಿ ಕೊಡುವುದು ಎಲ್ಲಿಂದ? ತಾವೇ ಸಾಲ ಮಾಡಿ. ಏಜೆನ್ಸಿಯವರ ಹತ್ತಿರ ಒಂದು ವಾರದ ಸಾಲ, ಚೀಟಿ ಎತ್ತಿದ ದುಡ್ಡು, ಪಿಗ್ಮಿ ಕಟ್ಟಿ ಅದರ ಮೇಲೆ ತೆಗೆದ ಸಾಲ, ಏನೂ ಆಗದಿದ್ದರೆ ಮೀಟರ್ ಬಡ್ಡಿ. ಊರಿನ ಬಡವರ ಸಾಲದ ಹೊರೆಯನ್ನು ಒಂದು ಸಣ್ಣ ಅಂಗಡಿ ತನ್ನ ಹೆಗಲ ಮೇಲೆ ಹೊತ್ತಿರುತ್ತದೆ. ಕೈಯಲ್ಲಿ ದುಡ್ಡಿರುವಾಗ ಸೂಪರ್ ಮಾರ್ಕೆಟ್‌ಗೆ ಹೋಗಿ, ಇಲ್ಲದಿದ್ದಾಗ ಉದ್ದರಿಗೆ ಈ ಅಂಗಡಿಗೆ ಬಂದರೆ ಅದು ಎಷ್ಟು ದಿನ ನಡೆದೀತು? ಈ ಒಂದು ವಿಷಯ ಹೇಳುವಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

"ನಮ್ಮೂರ ಅಂಗಡಿ" ಎನ್ನುವಾಗ ಕೆಲವರು ಬೇರೆಯೇ ಅರ್ಥ ಹಚ್ಚುತ್ತಾರೆ, ಅದನ್ನು ಇಲ್ಲೇ ಬಿಡಿಸಿ ಹೇಳಬೇಕು. ತುಮಕೂರಿನ ಎಷ್ಟೋ ಹಳೆ ಹೋಟೆಲ್‌ಗಳನ್ನು ಶುರು ಮಾಡಿದವರು ಉಡುಪಿ, ಕುಂದಾಪುರ ಕಡೆಯಿಂದ ಬಂದವರು. ಅಯ್ಯಂಗಾರ್ ಬೇಕರಿಗಳಲ್ಲಿ ಹಾಸನ ಕಡೆಯವರು. ಎಲೆಕ್ಟ್ರಿಕಲ್, ಪಾತ್ರೆ, ಬಟ್ಟೆ ಅಂಗಡಿಗಳಲ್ಲಿ ರಾಜಸ್ಥಾನದಿಂದ ಬಂದು ಇಲ್ಲೇ ಎರಡು ತಲೆಮಾರು ಕಳೆದವರು. ಇವರೆಲ್ಲ ನಮ್ಮೂರವರೇ. ಮನೆ ಇಲ್ಲೇ, ಮಕ್ಕಳ ಸ್ಕೂಲು ಇಲ್ಲೇ, ಅಂಗಡಿ ಮುಂದಿನ ಚರಂಡಿ ಕಟ್ಟಿಕೊಂಡರೆ ಕಾರ್ಪೊರೇಟರ್ ಹತ್ತಿರ ಹೋಗಿ ಜಗಳ ಆಡುವವರೂ ಇವರೇ. ನಾನು ನೋಡುವುದು ಎರಡೇ. ಬೆಲೆ, ಸಾಮಾನು, ಕೆಲಸದವರ ವಿಷಯದಲ್ಲಿ ತೀರ್ಮಾನ ತೆಗೆದುಕೊಳ್ಳುವವರು ಈ ಊರಲ್ಲಿ ಇದ್ದಾರಾ? ಲಾಭ ಈ ಊರಿಗೆ ಬರುತ್ತದಾ?

ಹಾಗೆ ನೋಡಿದರೆ ಎಲ್ಲ ದೊಡ್ಡ ಹೆಸರೂ ಒಂದೇ ಅಲ್ಲ. ನಂದಿನಿ ಪಾರ್ಲರ್ ರಾಜ್ಯದ ಎಲ್ಲ ಕಡೆ ಇದೆ, ಬೋರ್ಡು ಒಂದೇ, ರೇಟು ಒಂದೇ. ನೋಡಲು ಚೈನ್ ಹಾಗೇ. ಆದರೆ ಅದರ ಹಿಂದೆ ಇರುವುದು ಹಾಲು ಹಾಕುವ ರೈತರ ಸಹಕಾರ ಸಂಘಗಳು, ಜಿಲ್ಲೆಗೆ ತುಮುಲ್ ಎಂಬ ಒಕ್ಕೂಟ ಇದೆ. ಹಣ್ಣು ತರಕಾರಿ ಬೆಳೆಗಾರರ ಸಹಕಾರ ಸಂಘ ಹಾಪ್‌ಕಾಮ್ಸ್ ಕೂಡ ಇದೇ ಸಾಲಿನದು. ದೊಡ್ಡದಾಗಿ ಬೆಳೆದೂ ದುಡ್ಡನ್ನು ಹಳ್ಳಿಗೆ ವಾಪಸ್ ಕಳಿಸಬಹುದು ಎಂಬುದಕ್ಕೆ ಇವು ಉದಾಹರಣೆ. ಹೋಟೆಲಿನವರು, ದಿನಸಿಯವರು ಒಟ್ಟಾಗಿ ಕೊಳ್ಳುವ ಸಂಘ ಕಟ್ಟಿಕೊಂಡರೆ ಏನಾಗಬಹುದು ಎಂದು ಯೋಚಿಸಲು ನಾವು ಅಮುಲ್ ನೋಡಲು ಗುಜರಾತಿಗೆ ಹೋಗಬೇಕಿಲ್ಲ, ನಮ್ಮ ಹಳ್ಳಿಯ ಡೇರಿ ನೋಡಿದರೆ ಸಾಕು. ಇಪ್ಪತ್ತು ಹೋಟೆಲ್ ಸೇರಿ ಎಣ್ಣೆ, ಬೇಳೆ, ಪಾರ್ಸೆಲ್ ಡಬ್ಬಿ ಕೊಂಡರೆ ಮಂಡಿಪೇಟೆಯಲ್ಲಿ ಸಿಗುವ ರೇಟೇ ಬೇರೆ.

ಸಣ್ಣ ಹೋಟೆಲ್‌ಗಳ ತಪ್ಪುಗಳನ್ನು ಮುಚ್ಚಿಟ್ಟು ಬರೆದರೆ ಅದು ಅವರಿಗೂ ಒಳ್ಳೆಯದಲ್ಲ. 2025ರ ಫೆಬ್ರುವರಿ ಕೊನೆಯಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್, ಇಡ್ಲಿ ಬೇಯಿಸುವಾಗ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಕುವುದು ಪರೀಕ್ಷೆಯಲ್ಲಿ ಸಿಕ್ಕಿದೆ ಎಂದು ಹೇಳಿ ಅದನ್ನು ನಿಲ್ಲಿಸುವ ಕ್ರಮಕ್ಕೆ ಮುಂದಾದರು. ಇಡ್ಲಿಯಿಂದಲೇ ಹೆಸರು ಮಾಡಿದ ಊರು ನಮ್ಮದು. ಬಟ್ಟೆ ತೊಳೆಯುವ ಕಷ್ಟ ತಪ್ಪಿಸಲು ಪ್ಲಾಸ್ಟಿಕ್ ಹಾಕುವ ಹೋಟೆಲ್‌ಗೆ ಬೆಂಬಲ ಕೊಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಬಿಸಿ ಸಾಂಬಾರನ್ನು ತೆಳು ಕವರ್‌ಗೆ ಸುರಿದು ಕೊಡುವುದೂ ನಿಲ್ಲಬೇಕು. ಇನ್ನೊಂದು, ಕೆಲಸದವರು. ಇಎಸ್‌ಐ ಎಂಬ ಕೆಲಸಗಾರರ ವಿಮೆ ಸಾಮಾನ್ಯವಾಗಿ 10 ಜನ ಕೆಲಸಗಾರರಿರುವ ಕಡೆಯಿಂದ, ಪಿಎಫ್ 20 ಜನರಿಂದ ಕಡ್ಡಾಯ. ನಾಲ್ಕೈದು ಜನರ ಹೋಟೆಲ್ ಈ ಎರಡರಿಂದಲೂ ಹೊರಗೆ. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿ ರಾತ್ರಿ ಹತ್ತಕ್ಕೆ ಪಾತ್ರೆ ತೊಳೆಯುವ ಹುಡುಗನಿಗೆ ವಾರಕ್ಕೊಂದು ರಜೆಯೂ ಇಲ್ಲದ ಕಡೆ ಇದೆ. ಕಂಪನಿ ಹೋಟೆಲ್‌ನಲ್ಲಿ ಅವನಿಗೆ ಪಿಎಫ್ ಆದರೂ ಸಿಗುತ್ತಿತ್ತು. ಮಾಲೀಕರೇ ಕಷ್ಟದಲ್ಲಿದ್ದಾರೆ ಎಂಬುದು ಇದಕ್ಕೆ ಉತ್ತರ ಆಗುವುದಿಲ್ಲ. ಮೇಲೆ ಹೇಳಿದ ಬಾಡಿಗೆ, ಕಮಿಷನ್ ಕಡಿಮೆಯಾದರೆ ಅದರಲ್ಲಿ ಒಂದು ಪಾಲು ಈ ಹುಡುಗನಿಗೆ ಹೋಗಬೇಕು, ಗಿರಾಕಿಗಳಾಗಿ ನಾವು ಅದನ್ನು ಕೇಳಲೂಬೇಕು.

ಹಾಗಾದರೆ ನಮ್ಮ ಕೈಯಲ್ಲಿ ಏನಿದೆ? ಮೊದಲಿಗೆ, ಎರಡು ಕಿಲೋಮೀಟರ್ ಒಳಗಿನ ಹೋಟೆಲ್ ಆದರೆ ಫೋನ್ ಮಾಡಿ ಹೇಳಿ, ಹೋಗಿ ಪಾರ್ಸೆಲ್ ತನ್ನಿ. ಮೇಲಿನ ಲೆಕ್ಕದ 29 ರೂಪಾಯಿ 50 ಪೈಸೆ ಪೂರ್ತಿ ಅಲ್ಲೇ ಉಳಿಯುತ್ತದೆ, ನಿಮಗೂ ಪ್ಲಾಟ್‌ಫಾರ್ಮ್ ಫೀ, ಡೆಲಿವರಿ ಚಾರ್ಜ್ ಇಲ್ಲ. ಮಳೆ ಬರುವಾಗ, ಹುಷಾರಿಲ್ಲದಾಗ ಆ್ಯಪ್ ಬಳಸುವುದರಲ್ಲಿ ತಪ್ಪೇನಿಲ್ಲ. ದಿನಸಿಯಲ್ಲಿ ಇಡೀ ತಿಂಗಳ ಸಾಮಾನು ಅಲ್ಲದಿದ್ದರೂ ಅಕ್ಕಿ, ಬೇಳೆ, ರಾಗಿ, ಕಡಲೆಕಾಯಿ, ಕೊಬ್ಬರಿ, ಹುಣಸೆಹಣ್ಣು ಇಂಥ ಬ್ರ್ಯಾಂಡ್ ಇಲ್ಲದ ಸಾಮಾನನ್ನು ಹತ್ತಿರದ ಅಂಗಡಿಯಲ್ಲಿ ಕೊಳ್ಳಿ. ಅಂಗಡಿಯವರಿಗೆ ಸೋಪು, ಬಿಸ್ಕತ್ತಿಗಿಂತ ಜಾಸ್ತಿ ಮಾರ್ಜಿನ್ ಇರುವುದು ಇದರಲ್ಲಿ, ಗುಣಮಟ್ಟವನ್ನು ಕೈಯಲ್ಲಿ ಹಿಡಿದು ನೋಡಿ ತರಬಹುದಾದದ್ದೂ ಇದೇ. ಉದ್ದರಿ ಇದ್ದರೆ ಹೇಳಿದ ತಾರೀಕಿಗೆ ತೀರಿಸಿ.

ಮಹಾನಗರ ಪಾಲಿಕೆಗೆ ಇನ್ನೂ ದೊಡ್ಡ ಕೆಲಸ ಇದೆ. ತನ್ನ ಮಳಿಗೆಗಳನ್ನು ಹರಾಜು ಹಾಕುವಾಗ ಯಾರು ಜಾಸ್ತಿ ಕೂಗುತ್ತಾರೋ ಅವರಿಗೆ ಎಂಬ ಒಂದೇ ಲೆಕ್ಕ ಬೇಡ. ಸ್ವತಃ ಕೂತು ಅಂಗಡಿ ನಡೆಸುವವರಿಗೆ ಒಂದಷ್ಟು ಮಳಿಗೆ ಮೀಸಲಿಟ್ಟು, ಕಾನೂನು ಬಿಡುವಷ್ಟು ದೀರ್ಘ ಅವಧಿಯ ಕರಾರು ಕೊಡಬಹುದು. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು, ಮುಂದೆ ರಸ್ತೆಗಳನ್ನು ಅಗೆದ ಕಾಲದಲ್ಲಿ ಅಂಗಡಿ ಮುಂದೆ ಗುಂಡಿ ಬಿದ್ದು ವ್ಯಾಪಾರ ಕಳೆದುಕೊಂಡವರನ್ನು ಊರು ನೋಡಿದೆ. ಮುಂದೆ ಯಾವ ರಸ್ತೆ ಅಗೆದರೂ ಆ ತಿಂಗಳುಗಳಿಗೆ ಲೈಸೆನ್ಸ್ ಶುಲ್ಕವನ್ನಾದರೂ ಬಿಡಬೇಕು. ಬೀದಿ ಬದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆ ಇದೆ, 2020ರಲ್ಲಿ ಶುರುವಾದ ಪಿಎಂ ಸ್ವನಿಧಿ ಸಾಲವೂ ಇದೆ. ಅದಕ್ಕಿಂತ ಸ್ವಲ್ಪ ಮೇಲಿರುವವರಿಗೆ ಮುದ್ರಾ ಸಾಲ. ಅರ್ಜಿ ತುಂಬಿಸಿಕೊಡುವ ಒಂದು ಕಿಟಕಿಯನ್ನು ಪಾಲಿಕೆಯಲ್ಲೇ ತೆರೆದರೆ ಮೀಟರ್ ಬಡ್ಡಿಯವರ ಬಾಗಿಲಿಗೆ ಹೋಗುವವರು ಕಡಿಮೆಯಾಗುತ್ತಾರೆ.

ಕೊನೆಯದಾಗಿ ಕಚೇರಿಗಳು, ಕಾಲೇಜುಗಳು, ಕಾರ್ಖಾನೆಗಳು. ವಸಂತನರಸಾಪುರದಲ್ಲಿ ಇಷ್ಟು ದೊಡ್ಡ ಕೈಗಾರಿಕಾ ಪ್ರದೇಶ ಇದೆ, ಊರಲ್ಲಿ ವಿಶ್ವವಿದ್ಯಾಲಯ ಇದೆ, ಇಂಜಿನಿಯರಿಂಗ್ ಕಾಲೇಜುಗಳಿವೆ. ಸಭೆ, ಸಮಾರಂಭ, ಕ್ಯಾಂಟೀನ್ ಎಂದು ನೂರಾರು ಊಟಗಳ ಆರ್ಡರ್ ಇವರ ಕೈಯಲ್ಲಿದೆ. ಊರಿನ ಹೋಟೆಲ್‌ಗೆ ಕೊಟ್ಟರೆ ಬಹಳ ಸಂತೋಷ. ಆದರೆ ಬಿಲ್ಲಿನ ದುಡ್ಡನ್ನು ಮೂರು ನಾಲ್ಕು ತಿಂಗಳು ತಡೆದರೆ ಆ ಆರ್ಡರೇ ಹೋಟೆಲನ್ನು ಮುಳುಗಿಸುತ್ತದೆ. ಮಂಡಿಪೇಟೆಯವರು ನಾಲ್ಕು ತಿಂಗಳು ಕಾಯುವುದಿಲ್ಲ. ಹೋಟೆಲಿನವರು ಸಣ್ಣ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ ಮಾಡಿರುವ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿಕೊಂಡಿದ್ದರೆ, ಅದು ಪೂರ್ತಿ ಉಚಿತ, ಎಂಎಸ್‌ಎಂಇ ಕಾಯ್ದೆಯಂತೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಊಟ ಕೊಟ್ಟ ದಿನವೇ ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಬರೆದು ಕೊಡಿ, ಒಂದು ಪ್ರತಿಗೆ ಸೀಲು ಹಾಕಿಸಿ ಇಟ್ಟುಕೊಳ್ಳಿ.